ಕಲಾಯಿಯಿಂದ ಚಿಪ್ ಲೆವೆಲ್‌ವರೆಗೆ

ಬೆಂಜಮಿನ್ ಹೇನ್ ಎಂಬ ಜರ್ಮನ್ ಸಸ್ಯವಿಜ್ಞಾನಿ ಈಸ್ಟ್ ಇಂಡಿಯಾ ಕಂಪನಿಯ ಚಾಕರಿಯಲ್ಲಿದ್ದು ದಕ್ಷಿಣ ಭಾರತ ಸುತ್ತಿದವನು. 1814ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಬಿದರಿ ಲೋಹದ ಪಾಕವೊಂದಿದೆ. 16 ಔನ್ಸ್ ತಾಮ್ರ, 4 ಔನ್ಸ್ ಸೀಸ, 2 ಔನ್ಸ್ ತವರ ಕೂಡಿಸಿ ಕರಗಿಸಬೇಕು. ಆ ಮಿಶ್ರಣದ 3 ಔನ್ಸಿಗೆ 16 ಔನ್ಸ್ ಸತು ಬೆರೆಸಿ ಎರಕ ಹೊಯ್ಯಬೇಕು. ಈಗ ಬೀದರಿನ ಕುಶಲಕರ್ಮಿಗಳು ಸೀಸ, ತವರದ ಗೊಡವೆಗೆ ಹೋಗುವುದಿಲ್ಲ, ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಅವರ ಲೆಕ್ಕ. ಆದರೆ ಬಿದರಿಯ ಮೂಸೆಯಿಂದ ಹೊರಬಿದ್ದ ಸೀಸ-ತವರದ ಜೋಡಿ ಊರು ಬಿಟ್ಟು ಹೋಗಲಿಲ್ಲ. ಮೊದಲು ಕಲಾಯಿಯವರ ಕುಲುಮೆಯಲ್ಲಿ ತವರ ಒಂದೇ ಉಳಿಯಿತು. ಆಮೇಲೆ ರೇಡಿಯೊ ಅಂಗಡಿಯ ಬೆಸುಗೆ ತಂತಿಯಲ್ಲಿ ಎರಡೂ ಮತ್ತೆ ಕೂಡಿದವು. ಇವತ್ತು ಲ್ಯಾಪ್‌ಟಾಪಿನ ಮದರ್‌ಬೋರ್ಡ್ ಕೆಟ್ಟಾಗ ಬೀದರ್, ಭಾಲ್ಕಿ, ಔರಾದ್‌ಗಳಲ್ಲಿ ಏಳುವ ಪ್ರಶ್ನೆ, ಇದನ್ನೇ ರಿಪೇರಿ ಮಾಡಿಸುವುದೋ ಬೇರೆ ಬೋರ್ಡ್ ಹಾಕಿಸುವುದೋ ಎನ್ನುವುದು, ಆ ಹಳೆಯ ಕುಲುಮೆಗಳ ಮುಂದೆಯೂ ಎದ್ದಿದ್ದೇ.

ಬಿದರಿಯಿಂದಲೇ ಶುರು ಮಾಡಬಹುದು. ಹುಕ್ಕಾದ ತಳ, ಹೂಜಿ, ಪಾನ್‌ದಾನ್ ಯಾವುದೇ ಇರಲಿ, ಕೈ ತಾಗಿ ತಾಗಿ ಅದರ ಕಪ್ಪು ಮಾಸುತ್ತದೆ, ಮೈ ಬೂದಿ ಬಣ್ಣಕ್ಕೆ ತಿರುಗುತ್ತದೆ. ಅದಕ್ಕೆ ಮದ್ದು ಊರಿನಲ್ಲೇ ಇದೆ. ಕೋಟೆಯ ಹಳೆಯ ಕಟ್ಟಡಗಳೊಳಗೆ ಮಳೆ-ಬಿಸಿಲು ಕಾಣದೆ ಬಿದ್ದಿರುವ ಮಣ್ಣು ತಂದು, ನವಸಾಗರದೊಂದಿಗೆ ನೀರಿನಲ್ಲಿ ಕುದಿಸಿ, ಬಿಸಿ ಮಾಡಿದ ಪಾತ್ರೆಗೆ ಹಚ್ಚಿ ತಿಕ್ಕುತ್ತಾರೆ. ಸತುವಿನ ಮೈ ಕಾಡಿಗೆಗಪ್ಪಾಗುತ್ತದೆ. ಬೆಳ್ಳಿಯ ಎಳೆ ಮಾತ್ರ ಜಗ್ಗುವುದಿಲ್ಲ, ಬೆಳ್ಳಗೇ ಉಳಿಯುತ್ತದೆ. ಕೊನೆಗೆ ಎಣ್ಣೆಯ ಕೈ. ಮಣ್ಣು ಸರಿಯಾದದ್ದೋ ಅಲ್ಲವೋ ಎಂದು ಹಳಬರು ನಾಲಿಗೆಯ ತುದಿಗೆ ಹಚ್ಚಿ ನೋಡುತ್ತಾರೆ. ಹೊಸ ವಸ್ತುವಿಗೆ ಕಪ್ಪು ಕೊಡುವ ಈ ಕೆಲಸವೇ ಹಳೆಯದರ ರಿಪೇರಿ ಕೂಡ. ಬೆಳ್ಳಿಯ ತಂತಿ ಎದ್ದು ಬಿದ್ದಿದ್ದರೆ ಚಾಣದಿಂದ ಗೀರು ಮತ್ತೆ ಕೆತ್ತಿ ಹೊಸ ತಂತಿ ಬಡಿದು ಕೂರಿಸಬಹುದು. ಆದರೆ ಪಾತ್ರೆ ಕೆಳಗೆ ಬಿದ್ದು ಮೈಯೇ ಸೀಳಿದರೆ ಕತೆ ಬೇರೆ. ಸತು ಪೆಡಸು ಲೋಹ, ಬೆಸುಗೆಗೆ ಸುಲಭವಾಗಿ ಒಗ್ಗುವುದಿಲ್ಲ. ಕರಗಿಸುವುದು ಮಾತ್ರ ಸಲೀಸು, ಸುಮಾರು 420 ಡಿಗ್ರಿಗೇ ನೀರಾಗುತ್ತದೆ. ಹಾಗಾಗಿ ಬೆಳ್ಳಿ ಬಿಡಿಸಿಕೊಂಡು ಉಳಿದದ್ದನ್ನು ಮೂಸೆಗೆ ಹಾಕುವುದೇ ಲೇಸು. ಮುಖ ಮಾಸಿದರೆ ರಿಪೇರಿ, ಮೈ ಒಡೆದರೆ ಬದಲಿ. ಸಿದ್ದೀಕ್ ತಾಲೀಮ್ ರಸ್ತೆಯ ಬಿದರಿ ಅಂಗಡಿಗಳಲ್ಲಿ ಇದಕ್ಕಿಂತ ಉದ್ದದ ಲೆಕ್ಕ ಬೇಕಾಗಿರಲಿಲ್ಲ.

ಊರಿನ ಅತಿ ದೊಡ್ಡ ರಿಪೇರಿ ತೀರ್ಮಾನ ಮಾತ್ರ ಲೋಹದ್ದಲ್ಲ. ಮಹಮೂದ್ ಗಾವಾನ್ 1472ರಲ್ಲಿ ಕಟ್ಟಿಸಿದ ಮೂರಂತಸ್ತಿನ ಮದರಸಾ 1696ರಲ್ಲಿ ಸಿಡಿಲಿಗೆ ಸಿಕ್ಕಿತು. ಆ ಹೊತ್ತಿಗೆ ಅದು ಮೊಘಲ್ ಸೇನೆಯ ಕೈಯಲ್ಲಿತ್ತು, ಒಳಗೆ ಮದ್ದಿನ ದಾಸ್ತಾನಿತ್ತು. ಒಂದು ಮಿನಾರ್, ಮುಂಬಾಗಿಲು, ಒಂದು ಪಾರ್ಶ್ವ ಹಾರಿಹೋದವು. 1914ರಲ್ಲಿ ಶುರುವಾದ ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆ, ಗುಲಾಮ್ ಯಜ್ದಾನಿಯವರ ಕೈಕೆಳಗೆ, ಬೀದರಿನ ಕಟ್ಟಡಗಳನ್ನು ಒಂದೊಂದಾಗಿ ಅಳೆಯಿತು, ಹೂಳು ತೆಗೆಸಿತು, ಬೀಳುವಂತಿದ್ದದ್ದನ್ನು ಗಟ್ಟಿ ಮಾಡಿತು. 1947ರಲ್ಲಿ ಬಂದ ಅವರ ಬೀದರ್ ಗ್ರಂಥ ಇಂದಿಗೂ ಈ ವಿಷಯದ ಮೊದಲ ಪುಸ್ತಕ. ಹೋದ ಮಿನಾರಿನ ಜಾಗದಲ್ಲಿ ಬದಲಿ ಮಿನಾರ್ ಏಳಲಿಲ್ಲ, ಉಳಿದದ್ದು ನಿಂತುಕೊಂಡಿದೆ.

ಮನೆಮನೆಯ ರಿಪೇರಿಯೆಂದರೆ ಕಲಾಯಿ. ತಾಮ್ರ, ಹಿತ್ತಾಳೆಯ ಪಾತ್ರೆಯಲ್ಲಿ ಹುಣಸೆಹುಳಿ ಕುದಿಸಿದರೆ ಕಿಲುಬು ಬಿಟ್ಟು ಅಡುಗೆ ವಿಷವಾದೀತು, ಅದಕ್ಕೇ ಒಳಮೈಗೆ ತವರದ ಲೇಪ. ಲೇಪ ಸವೆದು ತಾಮ್ರದ ಕೆಂಪು ಇಣುಕಿತೆಂದರೆ ಕಲಾಯಿಯವನ ಕೂಗಿಗೆ ಕಾಯುತ್ತಿದ್ದರು. ಅವನು ಬಂದು ಓಣಿಯಲ್ಲೇ ಗುಂಡಿ ತೋಡಿ, ಇದ್ದಲು ತುಂಬಿ, ತಿದಿ ಹೂಡುತ್ತಿದ್ದ. ಪಾತ್ರೆಯನ್ನು ಮರಳು ಹಾಕಿ ತಿಕ್ಕಿ, ಬೆಂಕಿಯ ಮೇಲೆ ಕಾಯಿಸಿ, ಚಿಟಿಕೆ ನವಸಾಗರ ಉದುರಿಸಿದರೆ ಗಂಟಲು ಕೆರೆಯುವ ಬಿಳಿ ಹೊಗೆ. ಆ ಹೊಗೆಯೇ ಕೆಲಸದ ಗುಟ್ಟು. ಕಾದ ನವಸಾಗರ ಒಡೆದು ಹುಟ್ಟುವ ಆಮ್ಲ ತಾಮ್ರದ ಮೇಲಿನ ಕಿಲುಬನ್ನು ತಿಂದು ಲೋಹವನ್ನು ಬೆತ್ತಲೆ ಮಾಡುತ್ತದೆ. ಆ ಕ್ಷಣದಲ್ಲೇ ತವರದ ಕಡ್ಡಿ ತಾಗಿಸಬೇಕು. 232 ಡಿಗ್ರಿಗೆ ತವರ ಕರಗುತ್ತದೆ, ಅರಳೆಯಿಂದ ಒರೆಸಿದರೆ ಕನ್ನಡಿಯಂತೆ ಹರಡುತ್ತದೆ. ತಡವಾದರೆ ಮತ್ತೆ ಕಿಲುಬು, ತವರ ಗುಂಡುಗುಂಡಾಗಿ ಉರುಳುತ್ತದೆ, ಅಂಟುವುದಿಲ್ಲ. ಮದರ್‌ಬೋರ್ಡಿನ ಮೇಲೆ ಬೆಸುಗೆ ಹಾಕುವವನು ಫ್ಲಕ್ಸ್ ಹಚ್ಚುವುದೂ ಇದೇ ಕಾರಣಕ್ಕೆ. ಅಲ್ಲಿ ನವಸಾಗರ ಬೋರ್ಡನ್ನು ತಿಂದುಹಾಕುವುದರಿಂದ ರಾಳದಿಂದ ಮಾಡಿದ ಸೌಮ್ಯ ಪೇಸ್ಟ್ ಬಳಸುತ್ತಾರೆ. ಕಪ್ಪುಗಟ್ಟಿದ ಬೆಸುಗೆ ಕೋಲಿನ ತುದಿ ಶುಚಿ ಮಾಡಲು ನವಸಾಗರದ ಗಟ್ಟಿ ಇಂದಿಗೂ ಮಾರಾಟಕ್ಕಿದೆ.

ಕಲಾಯಿಯ ಕಾಲದಲ್ಲಿ ಬದಲಿಯ ಮಾತು ಯಾರೂ ಎತ್ತುತ್ತಿರಲಿಲ್ಲ. ಕಾರಣ ಸರಳ. ತಾಮ್ರಕ್ಕೆ ತೂಕದ ಬೆಲೆಯಿತ್ತು, ಲೇಪಕ್ಕೆ ಚಿಲ್ಲರೆ ಕಾಸು. ಈ ಲೆಕ್ಕವನ್ನು ತಲೆಕೆಳಗು ಮಾಡಿದ್ದು ಸ್ಟೀಲು. 1980ರ ದಶಕದ ಮೊದಲಲ್ಲಿ ಸೇಲಂ ಕಾರ್ಖಾನೆ ಸ್ಟೇನ್‌ಲೆಸ್ ತಗಡು ಎಳೆಯತೊಡಗಿದ ಮೇಲೆ ಸ್ಟೀಲ್ ಪಾತ್ರೆ ಹಳ್ಳಿ ಸಂತೆಗೂ ಬಂತು. ಕಿಲುಬಿಲ್ಲ, ಹೊಗೆಯಿಲ್ಲ, ವರ್ಷಕ್ಕೊಮ್ಮೆ ಯಾರನ್ನೂ ಕಾಯಬೇಕಿಲ್ಲ. ತಾಮ್ರದ ಹಂಡೆ ಮೋಡ್ಕಾ ಅಂಗಡಿ ಸೇರಿತು. ಕಲಾಯಿಯವನಿಗೆ ಉಳಿದದ್ದು ಮದುವೆ ಅಡುಗೆಯ ದೇಗ್‌ಗಳು. ಇಲ್ಲಿ ಸೋತದ್ದು ಕಲಾಯಿಯವನ ಕೈಚಳಕವಲ್ಲ. ರಿಪೇರಿಯೇ ಬೇಡದ ವಸ್ತು ಬಂದಾಗ ರಿಪೇರಿಗಾರನಿಗೆ ಎದುರಾಳಿಯೇ ಇರುವುದಿಲ್ಲ, ಜಗಳವಾಡುವುದು ಯಾರೊಂದಿಗೆ?

ಅಷ್ಟು ಹೊತ್ತಿಗೆ ಬೇರೊಂದು ಬೆಸುಗೆ ಊರಿಗೆ ಕಾಲಿಟ್ಟಾಗಿತ್ತು. ಹೈದರಾಬಾದಿನ ಡೆಕ್ಕನ್ ರೇಡಿಯೊ 1935ರಲ್ಲಿ ಶುರುವಾಯಿತು, ಕಲಬುರಗಿ ಆಕಾಶವಾಣಿ 1966ರಲ್ಲಿ. ನಡುವೆ 1948ರಲ್ಲಿ ನಿಜಾಮಶಾಹಿ ಮುಗಿಯಿತು. 1956ರ ನವೆಂಬರ್ 1ರಂದು ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಗಿ ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಮೈಸೂರಿಗೆ ಬಂದವು. ಉದಗೀರ್ ಕಡೆಯದ್ದು ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್ ಕಡೆಯದ್ದು ಆಂಧ್ರಕ್ಕೆ ಹೋಯಿತು. ರಾಜ್ಯ ಬದಲಾದರೂ ಪೇಟೆ ಬದಲಾಗಲಿಲ್ಲ. ಬೀದರಿನವನಿಗೆ ರೇಡಿಯೊ ಬಿಡಿಭಾಗ ಬೇಕೆಂದರೆ ಅಂದಿಗೂ ಇಂದಿಗೂ ಹೈದರಾಬಾದಿನ ಕೋಠಿ, ಅಲ್ಲಿನ ಗುಜರಾತಿ ಗಲ್ಲಿ. ಬೆಂಗಳೂರಿನ ಎಸ್.ಪಿ. ರೋಡ್ ಅವನಿಗೆ ರಾತ್ರಿಯಿಡೀ ಪ್ರಯಾಣದ ದೂರ.

ವಾಲ್ವ್ ರೇಡಿಯೊದ ರಿಪೇರಿಯಲ್ಲಿ ಬದಲಿ ಮೊದಲೇ ಅಡಗಿತ್ತು. ವಾಲ್ವ್ ಸುಟ್ಟರೆ ಸಾಕೆಟ್ಟಿನಿಂದ ಕಿತ್ತು ಇನ್ನೊಂದು ಚುಚ್ಚಿದರಾಯಿತು. ಟ್ರಾನ್ಸಿಸ್ಟರ್ ಬಂದು ಭಾಗಗಳು ಬೆಸುಗೆಯಲ್ಲಿ ಕೂತವು, ಐಸಿ ಬಂದು ಹತ್ತಾರು ಭಾಗ ಒಂದೇ ಕರಿ ಚೂರಿನೊಳಗೆ ಸೇರಿದವು. ಆದರೂ ಮೆಕ್ಯಾನಿಕ್ಕಿನ ಕೈಯಲ್ಲಿ ಒಂದು ಆಯುಧವಿತ್ತು, ಸರ್ಕ್ಯೂಟ್ ನಕ್ಷೆ. ಕಂಪನಿಗಳೇ ಅದನ್ನು ಅಚ್ಚು ಹಾಕಿಸಿ ಕೊಡುತ್ತಿದ್ದ ಕಾಲ ಅದು. ಐಬಿಎಂ 1981ರಲ್ಲಿ ತನ್ನ ಪಿಸಿ ಹೊರತಂದಾಗ ಅದರ ತಾಂತ್ರಿಕ ಕೈಪಿಡಿಯಲ್ಲಿ ಇಡೀ ಬೋರ್ಡಿನ ನಕ್ಷೆ ಅಚ್ಚಾಗಿತ್ತು, ಬಯಾಸ್ ಪ್ರೋಗ್ರಾಮಿನ ಸಾಲುಗಳ ಸಮೇತ. ಅದಾದ ಮೇಲಿನ ನಲವತ್ತು ವರ್ಷ ಕೊಟ್ಟದ್ದನ್ನು ವಾಪಸ್ ಕಸಿದುಕೊಂಡ ಕಾಲ ಎನ್ನಬೇಕು.

ಬೀದರ್ ಜಿಲ್ಲೆಗೆ ಕಂಪ್ಯೂಟರ್ ಬಂದದ್ದು ಎರಡು ಬಾಗಿಲಿನಿಂದ. ಒಂದು, ಎಂಜಿನಿಯರಿಂಗ್ ಕಾಲೇಜು. 1980ರ ದಶಕದಲ್ಲಿ ಬೀದರಿನಲ್ಲಿ ಗುರುನಾನಕ್ ದೇವ್ ಕಾಲೇಜು, ಭಾಲ್ಕಿಯಲ್ಲಿ ಈಗ ಭೀಮಣ್ಣ ಖಂಡ್ರೆ ಅವರ ಹೆಸರಿನಲ್ಲಿರುವ ಕಾಲೇಜು ನೆಲೆಯೂರಿದವು. ಇನ್ನೊಂದು, ಪಹಣಿ. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆ ರಾಜ್ಯದ ತಾಲ್ಲೂಕು ಕಚೇರಿಗಳಿಗೆಲ್ಲ ಕಂಪ್ಯೂಟರ್ ತಂದಿಟ್ಟು, ಕೈಬರಹದ ಪಹಣಿಯನ್ನು ರದ್ದು ಮಾಡಿತು. ಔರಾದಿನ ಎಷ್ಟೋ ರೈತರು ಜೀವಮಾನದಲ್ಲಿ ಮೊದಲು ಕಂಡ ಕಂಪ್ಯೂಟರ್ ಆ ಕಿಂಡಿಯಾಚೆಯದ್ದೇ ಇರಬೇಕು. ಅದು ಕೆಟ್ಟ ದಿನ ಬೆಳೆಸಾಲದ ಕಾಗದವೂ ನಿಂತಿತು ಎಂದೇ ಅರ್ಥ.

ಆ ಡೆಸ್ಕ್‌ಟಾಪುಗಳ ಬೋರ್ಡ್ ಕೆಟ್ಟರೆ ತಲೆನೋವಿರಲಿಲ್ಲ. ಪ್ರೊಸೆಸರ್, ರ್‍ಯಾಮ್ ಎಲ್ಲ ಬಿಚ್ಚಿ ತೆಗೆದು, ನಾಲ್ಕು ಸ್ಕ್ರೂ ಬಿಚ್ಚಿ, ಬೇರೆ ಬೋರ್ಡ್ ಕೂರಿಸಿದರೆ ಮುಗಿಯಿತು. 2000ದ ಮೊದಲ ವರ್ಷಗಳಲ್ಲಿ ಲೋಕದ ತುಂಬ ಕೆಪಾಸಿಟರ್‌ಗಳು ಹೊಟ್ಟೆಯುಬ್ಬಿ ಒಡೆದ ಪಿಡುಗು ಹಬ್ಬಿದಾಗ ಮಾತ್ರ ಸಣ್ಣ ಊರಿನ ಹುಡುಗರಿಗೂ ರುಚಿ ಹತ್ತಿತು. ಉಬ್ಬಿದ್ದನ್ನು ಕಿತ್ತು ಹೊಸದು ಹಾಕಿದರೆ ಸತ್ತ ಬೋರ್ಡ್ ಏಳುತ್ತದೆ! ದೋಷ ಕಣ್ಣಿಗೇ ಕಾಣುವ ಇಂಥ ಕಾಲ ಮತ್ತೆ ಬರಲಿಲ್ಲ.

ಲ್ಯಾಪ್‌ಟಾಪ್ ಬಂದದ್ದೇ ‘ಚಿಪ್ ಲೆವೆಲ್ ಸರ್ವಿಸ್’ ಎಂಬ ಫಲಕ ಹುಟ್ಟಿತು, ಅಂದರೆ ಬೋರ್ಡ್ ಬದಲಿಸದೆ ಅದರ ಮೇಲಿನ ಬಿಡಿಭಾಗವನ್ನೇ ಸರಿಪಡಿಸುವ ಕೆಲಸ. ಅದರ ಹಿಂದೆ ಎರಡು ಘಟನೆಗಳಿವೆ. 2006ರ ಜುಲೈ 1ರಿಂದ ಯುರೋಪ್ ಒಕ್ಕೂಟ ವಿದ್ಯುನ್ಮಾನ ವಸ್ತುಗಳಲ್ಲಿ ಸೀಸ ನಿಷೇಧಿಸಿತು. ಲೋಕದ ಕಾರ್ಖಾನೆಗಳೆಲ್ಲ ತವರ-ಬೆಳ್ಳಿ-ತಾಮ್ರದ ಬೆಸುಗೆಗೆ ತಿರುಗಿದವು. ಸೀಸದ ಬೆಸುಗೆ 183 ಡಿಗ್ರಿಗೆ ಕರಗಿದರೆ ಇದಕ್ಕೆ 217 ಬೇಕು, ಹಳೆಯ ಕೈಗೆ ಅದು ಒರಟು. 2008ರ ಜುಲೈಯಲ್ಲಿ ಎನ್‌ವಿಡಿಯಾ ಕಂಪನಿ ತನ್ನ ಲ್ಯಾಪ್‌ಟಾಪ್ ಗ್ರಾಫಿಕ್ಸ್ ಚಿಪ್‌ಗಳ ಒಳಜೋಡಣೆಯ ಸಾಮಗ್ರಿ ದುರ್ಬಲವೆಂದು ಒಪ್ಪಿ, 15ರಿಂದ 20 ಕೋಟಿ ಡಾಲರ್ ತೆಗೆದಿಟ್ಟಿತು. ಪರದೆ ಕಪ್ಪಾದ ಲ್ಯಾಪ್‌ಟಾಪ್‌ಗಳು ರಾಶಿ ಬಿದ್ದವು. ಊರೂರಿನ ಅಂಗಡಿಗಳಲ್ಲಿ ಚಿಪ್ಪಿಗೆ ಬಿಸಿಗಾಳಿ ಊದಿ, ಕೆಳಗಿನ ನೂರಾರು ತವರದ ಗುಂಡುಗಳನ್ನು ಮತ್ತೆ ಕರಗಿಸಿ ಕೂರಿಸುವ ಚಿಕಿತ್ಸೆ ಶುರುವಾಯಿತು. ಪರದೆ ಬೆಳಗುತ್ತಿತ್ತು, ಗಿರಾಕಿ ದುಡ್ಡು ಕೊಟ್ಟು ಹೋಗುತ್ತಿದ್ದ, ಕೆಲವು ವಾರಕ್ಕೆ ಮತ್ತೆ ಕತ್ತಲೆ. ಎಷ್ಟೋ ಬಾರಿ ದೋಷ ಬೋರ್ಡಿಗೂ ಚಿಪ್ಪಿಗೂ ನಡುವಿನ ಗುಂಡುಗಳಲ್ಲಿ ಇರಲೇ ಇಲ್ಲ, ಚಿಪ್ಪಿನ ಹೊಟ್ಟೆಯೊಳಗಿತ್ತು. ಬಿಸಿ ತಾಗಿ ಒಳಗಿನ ಬಿರುಕು ತಾತ್ಕಾಲಿಕವಾಗಿ ಕೂಡಿಕೊಳ್ಳುತ್ತಿತ್ತು, ಅಷ್ಟೆ. ‘ಬೋರ್ಡ್ ರಿಪೇರಿ ಬಾಳಿಕೆ ಬರಲ್ಲ’ ಎಂಬ ಅಪವಾದ ಹುಟ್ಟಿದ್ದು ಬಹುಪಾಲು ಈ ವರ್ಷಗಳಲ್ಲಿ. ಇದರಲ್ಲಿ ಹಾಟ್ ಏರ್ ಯಂತ್ರದ ತಪ್ಪಿಲ್ಲ. ದೋಷ ಎಲ್ಲಿದೆಯೆಂದು ತಿಳಿಯದೆ ಮದ್ದು ಕೊಟ್ಟದ್ದು ತಪ್ಪು.

ದೋಷದ ಜಾಗ ಹುಡುಕುವುದಕ್ಕೆ ಬೀದರಿನಲ್ಲೇ ಒಂದು ದೊಡ್ಡ ನಿದರ್ಶನವಿದೆ. ಬಹಮನಿ ಕಾಲದಲ್ಲಿ ಪರ್ಷಿಯದ ವಿದ್ಯೆಯಿಂದ ನೌಬಾದಿನಲ್ಲಿ ಕೊರೆದ ಕರೇಜ್, ಕೆಂಪು ಮುರ ಕಲ್ಲಿನಡಿ ಎರಡು ಕಿಲೋಮೀಟರಿಗೂ ಉದ್ದ ಹರಿಯುವ ಸುರಂಗ. ಅದರ ಗಾಳಿಬಾವಿಗಳು ಕಸ-ಮಣ್ಣಿನಡಿ ಮುಚ್ಚಿಹೋಗಿ ಜನ ಮರೆತಿದ್ದರು, ಕೊಳವೆಬಾವಿ ಬಂದ ಮೇಲೆ ನೆನಪು ಮಾಡಿಕೊಳ್ಳುವ ಅಗತ್ಯವೂ ಕಾಣಲಿಲ್ಲ. ಕೇರಳದ ಭೂಗೋಳ ಪ್ರಾಧ್ಯಾಪಕ ವಿ. ಗೋವಿಂದನ್‌ಕುಟ್ಟಿ ಒಂದೊಂದು ಬಾವಿಯನ್ನೂ ನಕ್ಷೆಗೆ ಇಳಿಸಿದರು. ಬೀದರಿನ ಟೀಮ್ ಯುವಾ ಬಳಗದವರು ಊರಿನಲ್ಲಿ ಅದರ ಮಾತು ಜೀವಂತ ಇಟ್ಟರು. 2010ರ ದಶಕದ ನಡುವೆ ಜಿಲ್ಲಾಡಳಿತ ಹೂಳು ತೆಗೆಸಿದಾಗ ಐನೂರು ವರ್ಷದ ಹಾದಿಯಲ್ಲಿ ನೀರು ಮತ್ತೆ ಕಾಣಿಸಿತು. ನಕ್ಷೆ ಮೊದಲು, ಗುದ್ದಲಿ ಆಮೇಲೆ.

ಲ್ಯಾಪ್‌ಟಾಪ್ ಮೇಜಿನ ಮೇಲೂ ಕ್ರಮ ಇದೇ. ‘ಅಣ್ಣಾ, ಬೋರ್ಡ್ ಹೋಗ್ಯಾದಂತ, ಮಾಡ್ಕೊಡ್ತೀರೇನು?’ ಎಂದು ಬಂದವನಿಗೆ ಅನುಭವಿ ಮೆಕ್ಯಾನಿಕ್ ಒಮ್ಮೆಲೇ ರೇಟು ಹೇಳುವುದಿಲ್ಲ. ‘ನೋಡಿ ಹೇಳ್ತೀನ್ರಿ’ ಎಂದು ಬೋರ್ಡ್ ಬಿಚ್ಚಿ, ಅಡಾಪ್ಟರ್ ಬದಲು ಆಂಪಿಯರ್ ತೋರಿಸುವ ಪವರ್ ಸಪ್ಲೈಯಿಂದ 19 ವೋಲ್ಟ್ ಕೊಡುತ್ತಾನೆ. ಮುಳ್ಳು ಸೊನ್ನೆಯಲ್ಲೇ ಇದ್ದರೆ ಕರೆಂಟು ಒಳಗೇ ಹೋಗುತ್ತಿಲ್ಲ, ಚಾರ್ಜಿಂಗ್ ಪಿನ್ನಿನ ಹತ್ತಿರದ ಮಾಸ್ಫೆಟ್ ಮೇಲೆ ಗುಮಾನಿ. ಸ್ವಲ್ಪ ಏರಿ ಇಳಿಯುತ್ತಿದ್ದರೆ ಬೋರ್ಡ್ ಏಳಲು ನೋಡಿ ಸೋಲುತ್ತಿದೆ, ಬಯಾಸ್ ಚಿಪ್ಪಿನ ಪ್ರೋಗ್ರಾಮ್ ಕೆಟ್ಟಿರಬಹುದು. ಅದನ್ನು ತೆಗೆದು ಹೊಸದಾಗಿ ಬರೆಯಬಹುದು. ಮುಳ್ಳು ಒಮ್ಮೆಲೇ ಕೊನೆಗೆ ಹಾರಿತೋ, ಶಾರ್ಟ್. ಆಗ ಒಂದು ವೋಲ್ಟಿನಷ್ಟೇ ಕೊಟ್ಟು, ಬೋರ್ಡಿನ ಮೇಲೆ ಸ್ಪಿರಿಟ್ ಸವರಿ ಕಾಯುತ್ತಾನೆ. ಎಲ್ಲಿ ಮೊದಲು ಒಣಗುತ್ತದೋ ಅಲ್ಲಿ ಬಿಸಿ, ಅಲ್ಲೇ ಕಳ್ಳ. ಅನೇಕ ಸಲ ಅದು ಎಳ್ಳಿನಷ್ಟು ಗಾತ್ರದ ಒಂದು ಕೆಪಾಸಿಟರ್. ಕಿತ್ತು ಹಾಕಿದರೆ ಸಾಕು, ಅದರ ಜಾಗಕ್ಕೆ ಬೇರೆ ಹಾಕುವ ಮೊದಲೇ ಯಂತ್ರ ಎದ್ದುಬಿಡುವುದೂ ಉಂಟು.

ಎಲ್ಲವೂ ಎಳ್ಳಿನಲ್ಲಿ ಮುಗಿಯುವುದಿಲ್ಲ. ಲ್ಯಾಪ್‌ಟಾಪಿನ ಬೋರ್ಡ್ ಒಂದೇ ಹಲಗೆಯಲ್ಲ, ಆರೆಂಟು ಪದರ ತಾಮ್ರ ಒತ್ತಿ ಅಂಟಿಸಿದ್ದು. ಒಳಪದರ ಸುಟ್ಟಿದ್ದರೆ, ಕೀಬೋರ್ಡಿನ ಮೇಲೆ ಚೆಲ್ಲಿದ ಚಹಾ ಪ್ರೊಸೆಸರ್ ಅಡಿಗೆ ಹೋಗಿ ಹಸಿರು ಕಿಲುಬು ಹಿಡಿದಿದ್ದರೆ, ಪ್ರೊಸೆಸರೇ ಸತ್ತಿದ್ದರೆ ಬದಲಿಯೇ ದಾರಿ. ಆದರೆ ಬದಲಿಯೂ ಮೊದಲಿನಂತೆ ಅಗ್ಗವಲ್ಲ. ಇಂಟೆಲ್‌ನ 2013ರ ಪೀಳಿಗೆಯ ತನಕ ಕೆಲವು ಲ್ಯಾಪ್‌ಟಾಪ್ ಪ್ರೊಸೆಸರ್‌ಗಳು ಸಾಕೆಟ್ಟಿನಲ್ಲಿ ಕೂರುತ್ತಿದ್ದವು. ಮುಂದಿನ ಪೀಳಿಗೆಯಿಂದ ಅವು ಬೋರ್ಡಿಗೇ ಬೆಸೆದು ಬಂದವು. ತೆಳು ಮಾದರಿಗಳಲ್ಲಿ ರ್‍ಯಾಮ್ ಕೂಡ ಬೆಸೆದದ್ದೇ. ಹೀಗಾಗಿ ಬೋರ್ಡ್ ಬದಲಿಸುವವನು ಪ್ರೊಸೆಸರನ್ನೂ ರ್‍ಯಾಮನ್ನೂ ಇನ್ನೊಮ್ಮೆ ಕೊಳ್ಳುತ್ತಾನೆ. ಜೊತೆಗೆ, ಬಿಟ್‌ಲಾಕರ್ ಬೀಗ ಹಾಕಿದ ಡಿಸ್ಕು ಹೊಸ ಬೋರ್ಡನ್ನು ಕಂಡೊಡನೆ ರಿಕವರಿ ಕೀ ಕೇಳುತ್ತದೆ. ಅದನ್ನು ಬರೆದಿಟ್ಟುಕೊಂಡವರು ಕಡಿಮೆ. ಹಾಗಾಗಿ ದುಡ್ಡಿದ್ದವರೂ ಕೆಲವೊಮ್ಮೆ ಹಳೆಯ ಬೋರ್ಡನ್ನೇ ಒಮ್ಮೆ ಏಳಿಸಿಕೊಡಿ ಎನ್ನುತ್ತಾರೆ, ಮಗಳ ಮದುವೆಯ ಫೋಟೊಗಳಿಗಾಗಿ.

ಇನ್ನು ಬದಲಿ ಬೋರ್ಡ್ ಎಂದರೆ ಹೊಸದೆಂದು ತಿಳಿಯಬೇಕಿಲ್ಲ. ವಾರಂಟಿ ಮುಗಿದ ಯಂತ್ರಕ್ಕೆ ಸಿಗುವುದು ಬಹುತೇಕ ಇನ್ನೊಂದು ಲ್ಯಾಪ್‌ಟಾಪಿನಿಂದ ಬಿಚ್ಚಿದ್ದು. ದೆಹಲಿಯ ನೆಹರೂ ಪ್ಲೇಸ್‌ನಿಂದಲೋ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಿಂದಲೋ ಬರುವ ಅದರ ಹಿಂದಿನ ಚರಿತ್ರೆ ಯಾರಿಗೂ ಗೊತ್ತಿರುವುದಿಲ್ಲ. ಕೆಟ್ಟದ್ದರ ದೋಷ ಗೊತ್ತಾಗಿ ಸರಿಯಾಗಿದ್ದರೆ, ಚರಿತ್ರೆ ತಿಳಿಯದ ‘ಒಳ್ಳೆಯ’ ಬೋರ್ಡಿಗಿಂತ ಅದೇ ನಂಬಿಕೆಗೆ ಹೆಚ್ಚು ಯೋಗ್ಯ. ಪೇಟೆಯ ರೂಢಿಯ ಲೆಕ್ಕವೊಂದಿದೆ: ಅದೇ ದರ್ಜೆಯ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನ ಅರ್ಧ ಬೆಲೆ ದಾಟಿದರೆ ರಿಪೇರಿ ಬೇಡ. ಕಚೇರಿಗಳಿಂದ ಮೂರ್ನಾಲ್ಕು ವರ್ಷಕ್ಕೆ ಹೊರಬಿದ್ದ ಲ್ಯಾಟಿಟ್ಯೂಡ್, ಥಿಂಕ್‌ಪ್ಯಾಡ್‌ಗಳು ಗಂಟುಗಟ್ಟಲೆ ಮಾರುಕಟ್ಟೆಗೆ ಬರುತ್ತಿರುವಾಗ ಈ ಅರ್ಧದ ಗೆರೆ ವರ್ಷವರ್ಷಕ್ಕೆ ಕೆಳಗಿಳಿಯುತ್ತಿದೆ. 2020ರ ಲಾಕ್‌ಡೌನ್ ಮಾತ್ರ ಅದನ್ನು ಕೆಲಕಾಲ ಮೇಲೆತ್ತಿತ್ತು. ಪಾಠವೆಲ್ಲ ಪರದೆಗೆ ಬಂದಾಗ ಅಟ್ಟದ ಮೇಲಿನ ಸತ್ತ ಲ್ಯಾಪ್‌ಟಾಪಿಗೂ ಗಿರಾಕಿ ಇತ್ತು.

ಊರಿಂದೂರಿಗೆ ತೀರ್ಮಾನವೂ ಬೇರೆಯಾಗುತ್ತದೆ. ಬೀದರಿನವನು ಬೆಳಗಿನ ಬಸ್ಸಿಗೆ ಹೈದರಾಬಾದಿಗೆ ಹೋಗಿ ಭಾಗ ತಂದು ಸಂಜೆಗೆ ಮನೆ ಸೇರಬಹುದು. ಭಾಲ್ಕಿ ವಿಕಾರಾಬಾದ್–ಪರಳಿ ರೈಲು ಹಾದಿಯ ಮೇಲಿದೆ. ಔರಾದ್ ಪಟ್ಟಣಕ್ಕೆ ರೈಲಿಲ್ಲ, ಅದರ ವಹಿವಾಟು ಬೀದರಿನೊಂದಿಗೆಷ್ಟೋ ಗಡಿಯಾಚೆಯ ಉದಗೀರ್, ದೇಗಲೂರಿನೊಂದಿಗೂ ಅಷ್ಟೇ. ಅಲ್ಲಿಂದ ಬೋರ್ಡ್ ರಿಪೇರಿಗೆ ಕಳಿಸುವುದೆಂದರೆ ಹೋಗಿ ಕೊಡುವುದು ಒಮ್ಮೆ, ತರುವುದು ಒಮ್ಮೆ, ಮತ್ತೆ ಕೆಟ್ಟರೆ ಇನ್ನೆರಡು ಸಲ. ಬಸ್ ಚಾರ್ಜು, ತಪ್ಪಿದ ಕೂಲಿ ಸೇರಿಸಿದರೆ ಬೀದರಿನಲ್ಲಿ ರಿಪೇರಿಗೆ ಲಾಯಕ್ಕಾದ ಬೋರ್ಡೇ ಔರಾದಿನಲ್ಲಿ ಬದಲಿಗೆ ಲಾಯಕ್ಕಾಗುತ್ತದೆ.

ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ರಿಪೇರಿ ಹಕ್ಕಿನ ಸಮಿತಿ ಮಾಡಿತು, ಡಿಸೆಂಬರ್ 24ರಂದು ಅದಕ್ಕಾಗಿ ಜಾಲತಾಣ ತೆರೆಯಿತು. ಕೃಷಿ ಉಪಕರಣ, ವಾಹನ, ಗೃಹೋಪಕರಣಗಳ ಜೊತೆ ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್ ಕೂಡ ಅಲ್ಲಿವೆ. ಬಳಕೆದಾರರ ಕೈಪಿಡಿ, ಸರ್ವಿಸ್ ಸೆಂಟರಿನ ವಿಳಾಸಗಳು ಒಂದೆಡೆ ಸಿಕ್ಕಿದ್ದು ಒಳ್ಳೆಯದೇ. ಮೆಕ್ಯಾನಿಕ್ಕಿಗೆ ಬೇಕಾದದ್ದು ಬೋರ್ಡಿನ ನಕ್ಷೆ, ಅದನ್ನು ಕಂಪನಿಗಳು ಗುಟ್ಟಿನ ಕಾಗದವೆಂದೇ ಇಟ್ಟುಕೊಂಡಿವೆ. ಎಲ್ಲಿಂದಲೋ ಸೋರಿ ಬಂದ ನಕ್ಷೆಗಳು ಪೆನ್‌ಡ್ರೈವ್‌ಗಳಲ್ಲಿ, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಕೈ ಬದಲಾಯಿಸುತ್ತವೆ. ಹೆಚ್ಚು ಮಾರಾಟವಾದ ಹಳೆಯ ಮಾದರಿಗಳ ನಕ್ಷೆ ಎಲ್ಲರ ಬಳಿಯೂ ಉಂಟು, ಅವುಗಳ ಸತ್ತ ಬೋರ್ಡ್‌ಗಳೂ ಐಸಿ ಕಿತ್ತುಕೊಳ್ಳಲೆಂದು ಡ್ರಾಯರ್ ತುಂಬ ಇವೆ. ಹೊಸ ತೆಳು ಮಾದರಿಗಳದ್ದು ನಕ್ಷೆಯೂ ಇಲ್ಲ, ಡೋನರ್ ಬೋರ್ಡೂ ಇಲ್ಲ. ಆದ್ದರಿಂದ ಭಾಲ್ಕಿಯ ಅಂಗಡಿಯೊಂದಕ್ಕೆ ಹತ್ತು ವರ್ಷದ ದಪ್ಪ ಲ್ಯಾಪ್‌ಟಾಪೂ ಕಳೆದ ವರ್ಷ ಕೊಂಡದ್ದೂ ಒಂದೇ ದೋಷ ಹೊತ್ತು ಬಂದರೆ, ರಿಪೇರಿಯಾಗಿ ವಾಪಸ್ ಹೋಗುವ ಸಂಭವ ದಪ್ಪದ್ದಕ್ಕೇ ಹೆಚ್ಚು.